ತಮಟೆಗೂ ರಸೀದಿ ಹರಿಯಿರಿ

ಊರ ಜಾತ್ರೆಯ ಲೆಕ್ಕದ ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡಿ. ಮಾಲೂರಿನ ಕಡೆಯದಾದರೂ ಸರಿ, ಶ್ರೀನಿವಾಸಪುರದ ಕಡೆಯದಾದರೂ ಸರಿ. ಹೂವಿನ ಪಲ್ಲಕ್ಕಿಗೆ ಇಷ್ಟು, ಸೀರಿಯಲ್ ಲೈಟಿಗೆ ಇಷ್ಟು, ಜನರೇಟರ್ ಡೀಸೆಲ್ಲಿಗೆ ಇಷ್ಟು, ಆರ್ಕೆಸ್ಟ್ರಾಗೆ ಮುಂಗಡ ಇಷ್ಟು, ಬಾಕಿ ಇಷ್ಟು. ಹೂವಿನವನ ಫೋನ್ ನಂಬರ್ ಕೂಡ ಬರೆದಿರುತ್ತಾರೆ. ತಮಟೆಯವರು? ಕೊನೆಯ ಪುಟದ 'ಇತರೆ ಖರ್ಚಿ'ನಲ್ಲಿ ಎಲೆ ಅಡಿಕೆ, ಟೀ, ಬೀಡಿಯ ಜೊತೆ ಎಲ್ಲೋ ಸೇರಿಹೋಗಿರುತ್ತಾರೆ. ದೇವರು ಮಾತ್ರ ತಮಟೆ ಕೇಳದೆ ಗುಡಿ ಬಿಟ್ಟು ಕದಲುವುದಿಲ್ಲ.

ಆ ದುಡಿಮೆ ಎಂಥದ್ದು ಅಂತ ಪಕ್ಕದಲ್ಲಿ ನಿಂತು ನೋಡಿದ್ದೀರಾ? ಒಣಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮ ಬಿಗಿಯಾಗುವಂತೆ ಆದರೆ ಸುಡದಂತೆ ತಮಟೆ ಕಾಯಿಸಬೇಕು. ಬೆರಳ ತುದಿಯಲ್ಲಿ ತಟ್ಟಿ ನಾದ ಕೇಳಬೇಕು. ಇಬ್ಬನಿ ಬಿದ್ದು ಚರ್ಮ ಸಡಿಲಾಯಿತೋ, ಮತ್ತೆ ಬೆಂಕಿಯ ಹತ್ತಿರ ಓಡಬೇಕು. ತಂಬಿಟ್ಟಿನ ದೀಪ ಹೊತ್ತ ಹೆಂಗಸರು ಕೇರಿಯಿಂದ ಕೇರಿಗೆ ಸುತ್ತಿ ಗುಡಿ ಮುಟ್ಟುವವರೆಗೆ ಕೈ ನಿಲ್ಲಿಸುವಂತಿಲ್ಲ. ಬೆಳಗಿನ ಜಾವಕ್ಕೆ ಹೆಬ್ಬೆರಳ ಬುಡದಲ್ಲಿ ಬೊಬ್ಬೆ. ಗುಡಿ ಬಂತು, ದೇವರು ಒಳಗೆ, ದೀಪ ಒಳಗೆ, ತಮಟೆ ಹೊಸ್ತಿಲಾಚೆ. ಯಾರೋ ಒಬ್ಬರು ಮಡಚಿದ ನೋಟನ್ನು ಕೈಗೆ ತಾಕದ ಹಾಗೆ ಮೇಲಿನಿಂದ ಬಿಡುತ್ತಾರೆ. ಕೂಲಿ ಕೇಳಿದರೆ, 'ದೇವರ ಕೆಲಸಕ್ಕೆ ಲೆಕ್ಕ ಹಾಕ್ತೀಯೇನೋ' ಅನ್ನುತ್ತಾರೆ.

ಲೆಕ್ಕ ಹಾಕುವವರು ಯಾರು ಸ್ವಾಮಿ? 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಮೆರವಣಿಗೆಯ ಕೋಲನ್ನು ದಲಿತ ಹುಡುಗನೊಬ್ಬ ಮುಟ್ಟಿದ. ದಂಡ 60 ಸಾವಿರ ರೂಪಾಯಿ! ಅದೇ ವರ್ಷ ಸರ್ಕಾರ ಸಿ ದರ್ಜೆಯ ಮುಜರಾಯಿ ಗುಡಿಗಳ ತಸ್ತೀಕನ್ನು 48 ಸಾವಿರದಿಂದ 60 ಸಾವಿರಕ್ಕೆ ಏರಿಸಿತ್ತು. ಒಂದು ಗುಡಿಯ ವರ್ಷದ ಪೂಜೆಗೆ ಎಷ್ಟೋ, ಒಂದು ಮಗುವಿನ ಬೆರಳಿಗೂ ಅಷ್ಟೇ ದರ. ಮುಟ್ಟಿದ್ದಕ್ಕೆ ಇಷ್ಟು ಕರಾರುವಾಕ್ಕಾಗಿ ಬೆಲೆ ಕಟ್ಟಬಲ್ಲ ಸಮಾಜಕ್ಕೆ ಬಡಿದದ್ದಕ್ಕೆ ಬೆಲೆ ಕಟ್ಟಲು ಬರುವುದಿಲ್ಲವೆ? ತಸ್ತೀಕು ಈಗ 72 ಸಾವಿರವಾಗಿದೆ. ಆಗಲಿ, ಹಳ್ಳಿಯ ಬಡ ಅರ್ಚಕನ ಹೊಟ್ಟೆಯ ಮೇಲೆ ನನಗೇನೂ ಸಿಟ್ಟಿಲ್ಲ. ತಮಟೆಯವನಿಗೂ ಹೊಟ್ಟೆ ಇದೆ ಅನ್ನುವುದಷ್ಟೇ ನನ್ನ ತಕರಾರು.

ಹಿಂದೆ ತಮಟೆ ಬಡಿಯುವ ತೋಟಿಗೆ, ತಳವಾರನಿಗೆ ಇನಾಮು ನೆಲವಿತ್ತು, ಕಣದಲ್ಲಿ ಆಯವಿತ್ತು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿ, ನೆಲವನ್ನು ದುಡಿದವರಿಗೇ ಮರುಮಂಜೂರು ಮಾಡಲು ದಾರಿ ಮಾಡಿತು. ಆ ನೆಲ ಎಷ್ಟೋ ಕಡೆ ಸಾಲಕ್ಕೆ, ಸಾರಾಯಿಗೆ, ಸುಳ್ಳು ಕ್ರಯಪತ್ರಕ್ಕೆ ಹೋಯಿತು. ತಡೆಯಲು 1978ರಲ್ಲಿ ಆ ಕಾಯ್ದೆಗೇ ತಿದ್ದುಪಡಿ ತರಬೇಕಾಯಿತು. ನೆಲ ಹೋಯಿತು, ಆಯ ನಿಂತಿತು, ತಮಟೆ ಮಾತ್ರ ಕೊರಳಿಂದ ಇಳಿಯಲಿಲ್ಲ. ಬಡಿಯಲ್ಲ ಅಂದವನಿಗೆ ಕೂಲಿಯಿಲ್ಲ, ಅಂಗಡಿಯಲ್ಲಿ ಉಪ್ಪಿಲ್ಲ. ಸಂವಿಧಾನದ 23ನೇ ವಿಧಿ ಬಿಟ್ಟಿಚಾಕರಿಯನ್ನು ನಿಷೇಧಿಸಿದೆ. 1982ರಲ್ಲಿ ಏಷ್ಯಾಡ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದಿತು. ಆ ತೀರ್ಪು ನಮ್ಮ ಊರಮ್ಮನ ಗುಡಿಯ ಮೆಟ್ಟಿಲು ಹತ್ತಲೇ ಇಲ್ಲ.

ದೊಡ್ಡ ಗುಡಿಗಳಲ್ಲಿ ಓಲಗದವರ ಪಾಡು ತುಸು ವಾಸಿ, ಕೆಲವು ಕಡೆ ಹುದ್ದೆ ಅಂತಾದರೂ ಇದೆ. ಉಳಿದೆಡೆ ಮಂಗಳಾರತಿ ಹೊತ್ತಿಗೆ ಸ್ವಿಚ್ ಒತ್ತಿದರೆ ಸಾಕು, ಮೋಟಾರು ತಿರುಗಿ ನಗಾರಿ, ಜಾಗಟೆ, ಗಂಟೆ ತಾವೇ ಬಡಿದುಕೊಳ್ಳುತ್ತವೆ. ಆ ಯಂತ್ರದ ಮೇಲೆ ದಾನಿಗಳ ಹೆಸರಿರುತ್ತದೆ, ಕರೆಂಟ್ ಬಿಲ್ಲನ್ನೂ ತಪ್ಪದೆ ಕಟ್ಟುತ್ತಾರೆ. ಮುಳಬಾಗಿಲಿನ ಗಡಿ ದಾಟಿದರೆ ಆಂಧ್ರ. ತಿರುಪತಿಯಲ್ಲಿ ದೇವಸ್ಥಾನವೇ ನಾದಸ್ವರ, ಡೋಲು ಕಲಿಸುವ ಶಾಲೆ ನಡೆಸುತ್ತಿದೆ. ತಮಿಳುನಾಡಿನ ಧರ್ಮಾದಾಯ ಇಲಾಖೆ ನಾದಸ್ವರ, ತವಿಲ್ ಹುದ್ದೆಗಳಿಗೆ ವೇತನ ಶ್ರೇಣಿ ಹಾಕಿ ಅರ್ಜಿ ಕರೆಯುತ್ತದೆ. ನಮ್ಮ ಮುಜರಾಯಿಯವರು ಆ ಕಡೆ ಹೋಗುವುದು ದರ್ಶನಕ್ಕೆ ಮಾತ್ರವೇನೋ.

2023ರಲ್ಲಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಅವಿಭಜಿತ ಕೋಲಾರ ಜಿಲ್ಲೆಯ ಮಣ್ಣಿನವರು, ನಾವೆಲ್ಲ ಎದೆಯುಬ್ಬಿಸಿಕೊಂಡೆವು. ಕೋಲಾರದ ತೇರಹಳ್ಳಿ ಬೆಟ್ಟದ 'ಆದಿಮ' ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡಿನ ರಾತ್ರಿ ನೆಲದ ವಾದ್ಯಗಳಿಗೆ ಗೌರವದ ಜಾಗವಿದೆ. ವೇದಿಕೆಯ ಮೇಲೆ ಕಲಾವಿದ, ಗುಡಿಯ ಮುಂದೆ ಮತ್ತದೇ 'ಏಯ್, ಬಾರೋ ಇಲ್ಲಿ'. ತಮಟೆ ಬಡಿಯುವುದನ್ನು ಬಿಡಿ ಎಂದು ದಲಿತ ಚಳವಳಿ ಕರೆ ಕೊಟ್ಟದ್ದು ಈ ಅವಮಾನ ಕಂಡೇ. ಅದೇ ಚಳವಳಿ ಮುಂದೆ ತಮಟೆಯನ್ನೇ ಹೋರಾಟದ ಮುಂಚೂಣಿಗೆ ತಂದಿತು. ಎರಡೂ ಸರಿ. ಬಿಡುವುದೋ ಬಡಿಯುವುದೋ ಅನ್ನುವುದು ಬಡಿಯುವವನ ತೀರ್ಮಾನ.

ಬಡಿಯುತ್ತೇನೆ ಅಂದವನಿಗೆ ಜಾತ್ರೆಗೆ ಮೊದಲೇ ದರ ಮಾತಾಡಿ, ಕಾಗದದಲ್ಲಿ ಬರೆದು, ಮುಂಗಡ ಕೊಡಿ. ರಾತ್ರಿ ದುಡಿಮೆಗೆ ರಾತ್ರಿಯ ದರ. ಊಟ ಎಲ್ಲರ ಪಂಕ್ತಿಯಲ್ಲಿ. ಮುಜರಾಯಿ ಗುಡಿಯಾದರೆ ತಮಟೆಗೆ ತಸ್ತೀಕಿನ ಹೊರಗೆ ಬೇರೆ ಹಣ ಇಡಲಿ, ಅದು ತಹಶೀಲ್ದಾರರ ಕಚೇರಿಯಿಂದ ನೇರ ಅವನ ಬ್ಯಾಂಕ್ ಖಾತೆಗೆ ಹೋಗಲಿ. ಇಷ್ಟು ಕೊಡಲು ಕೈ ಬಾರದಿದ್ದರೆ ಬೇಡ ಬಿಡಿ. ಪುಣ್ಯದ ಕೆಲಸ ಅಂತ ನೀವೇ ಹೇಳುತ್ತೀರಲ್ಲ, ಯಜಮಾನರ ಮಕ್ಕಳೇ ಹೆಗಲಿಗೆ ತಮಟೆ ಏರಿಸಿಕೊಂಡು ಬೆಳಗಿನವರೆಗೆ ಬಡಿಯಲಿ.