ಹೆಸರಲ್ಲಿ ಅಮೃತ, ಹೆಗಲಲ್ಲಿ ನೊಗ



ಮೊನ್ನೆ ಗರ್ಭ ತಪಾಸಣೆ ಶಿಬಿರದಲ್ಲಿ ಒಬ್ಬ ತಾಯಿ ಕೇಳಿದರು: “ಡಾಕ್ಟ್ರೇ, ಅಮೃತಮಹಲ್ ಅಂತ ಹೇಳಿ ದುಡ್ಡು ಜಾಸ್ತಿ ತಗೊಂಡ್ರು. ಹೊತ್ತಿಗೆ ಒಂದು ಲೀಟರೂ ದಾಟ್ತಿಲ್ಲ. ಹೆಸರಲ್ಲೇ ಅಮೃತ ಇದೆಯಲ್ಲ?”

ಹಸು ಆರೋಗ್ಯವಾಗಿಯೇ ಇತ್ತು. ಮೋಸ ಆಗಿದ್ದು ಹೆಸರಿನಿಂದ.

ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸುವ ದನಗಳ ಇಲಾಖೆಯನ್ನು ‘ಬೆಣ್ಣೆ ಚಾವಡಿ’ ಎನ್ನುತ್ತಿದ್ದರು. ಅದನ್ನು ‘ಅಮೃತಮಹಲ್’ ಎಂದು ಬದಲಿಸಿದ್ದು ಟಿಪ್ಪು ಸುಲ್ತಾನ್. ಇಲ್ಲಿ ಮಹಲ್ ಎಂದರೆ ಅರಮನೆಯಲ್ಲ, ಇಲಾಖೆ. ಅಂದರೆ ಅದು ಮೊದಲು ಕಚೇರಿಯ ಹೆಸರು. ದನಕ್ಕೆ ಅಂಟಿದ್ದು ಆಮೇಲೆ. ಅಷ್ಟರಲ್ಲಿ ಆ ಎತ್ತುಗಳು ಸೈನ್ಯದ ಫಿರಂಗಿ, ಸಾಮಾನು ಎಳೆಯುವುದರಲ್ಲಿ ಹೆಸರುವಾಸಿಯಾಗಿದ್ದವು. ಹೆಸರಲ್ಲಿ ಹಾಲು ಉಳಿಯಿತು, ತಳಿ ದುಡಿಮೆಗೆ ನಿಂತಿತು.

ಹಳ್ಳಿಕಾರ್ ಎಂಬುದು ದನ ಸಾಕುವ ಸಮುದಾಯದ ಹೆಸರು. ಜೆರ್ಸಿ ಒಂದು ದ್ವೀಪ. ಎಚ್‌ಎಫ್‌ನ ಹೋಲ್‌ಸ್ಟೀನ್, ಫ್ರೀಸಿಯನ್ ಎರಡೂ ಊರುನಾಡಿನ ಹೆಸರುಗಳೇ. ಸ್ಕಾಟ್ಲೆಂಡಿನ ಬಂಡಿ ಎಳೆಯುವ ಕ್ಲೈಡ್ಸ್‌ಡೇಲ್ ಕುದುರೆಗೂ ಕ್ಲೈಡ್ ನದಿಯ ಕಣಿವೆಯಿಂದಲೇ ಹೆಸರು ಬಂತು. ಇವುಗಳಲ್ಲಿ ಯಾವ ಹೆಸರೂ ಲೀಟರ್ ಲೆಕ್ಕ ಹೇಳುವುದಿಲ್ಲ.

ಹಾಗಾಗಿ ಹಸು ಕೊಳ್ಳುವಾಗ ಹೆಸರಿಗೆ ದುಡ್ಡು ಕೊಡಬೇಡಿ. ಸಂಜೆ ಒಂದು, ಬೆಳಿಗ್ಗೆ ಒಂದು, ಎರಡು ಹೊತ್ತು ಎದುರಿಗೇ ಕರೆಸಿ ನೋಡಿ. ಎಷ್ಟನೇ ಸೂಲು, ತಾಯಿ ಎಷ್ಟು ಹಾಲು ಕೊಡುತ್ತಿತ್ತು ಎಂದು ಕೇಳಿ.

ಹಾಗಂತ ಹೆಸರೇ ಬೇಡ ಎನ್ನುತ್ತಿಲ್ಲ. ಕಿವಿಗೆ 12 ಅಂಕಿಯ ಓಲೆ ಹಾಕಲು ಬಂದಾಗ ತಳಿ ಯಾವುದೆಂದರೆ ನಮ್ಮಲ್ಲಿ ಬಹಳ ಜನ “ನಾಟಿ, ಬರ್ಕೊಳಿ” ಎಂದುಬಿಡುತ್ತೀರಿ. ನಾವೂ ಅವಸರದಲ್ಲಿ ಹಾಗೇ ಬರೆದುಕೊಳ್ಳುತ್ತೇವೆ. ಆ ತಪ್ಪು ನಮ್ಮದೂ ಹೌದು. ಹಾಗೆ ಬರೆದರೆ ನಿಮ್ಮ ಕೊಟ್ಟಿಗೆಯ ಅಮೃತಮಹಲ್ ಬದುಕಿದ್ದರೂ ಲೆಕ್ಕದಲ್ಲಿ ಇರುವುದಿಲ್ಲ. ಲೆಕ್ಕದಲ್ಲಿಲ್ಲದ ತಳಿಯನ್ನು ಉಳಿಸಲು ಯಾರು ಬರುತ್ತಾರೆ?

“ಹಾಲೇ ಕೊಡದ ಹಸು ಕಟ್ಟಿಕೊಂಡು ಡೇರಿಗೆ ಏನು ಹಾಕೋಣ?” ಎನ್ನುವಿರಿ. ಸರಿಯಾದ ಮಾತು. ಡೇರಿಗೆ ಮಿಶ್ರತಳಿಯೇ ಇರಲಿ. ಆದರೆ ಬಿಸಿಲು, ಒಣಮೇವು ತಡೆದುಕೊಳ್ಳುವ ಈ ರಕ್ತ ಒಮ್ಮೆ ಹೋದರೆ ಮತ್ತೆ ಬಾರದು. ಉದ್ದನೆಯ, ಹಿಂದಕ್ಕೆ ಬಾಗಿದ ಚೂಪು ಕೊಂಬಿನ ಹಸು ಮನೆಯಲ್ಲಿದ್ದರೆ, ಎಚ್‌ಎಫ್ ಸೂಜಿ ಹಾಕಿಸುವ ಮುಂಚೆ ನನಗೊಂದು ಮಾತು ಹೇಳಿ. ನೋಡಿ, ತಳಿ ಯಾವುದೆಂದು ಖಚಿತ ಮಾಡಿ, ಸರಿಯಾದ ಹೆಸರನ್ನೇ ಬರೆಯೋಣ.