ನಾಯಿ, ಹಸುವಿಗೆ ಕಾನೂನಿನ ‘ವ್ಯಕ್ತಿ’ ಪಟ್ಟ: ಸಿಕ್ಕರೆ ಪೋಷಕರು ಯಾರು?

ಕೋಗಿಲು: ಬೀದಿನಾಯಿ ವಿಚಾರ ಬಂದರೆ ಕೋಗಿಲು ಮುಖ್ಯರಸ್ತೆಯಲ್ಲಿ ಎರಡು ಪಕ್ಷ ಆಗೋದು ಗ್ಯಾರಂಟಿ. ಬಿಸ್ಕತ್ ಹಾಕುವವರು ಒಂದು ಕಡೆ, ಬೆಳಗಿನ ಜಾವ ಹಾಲು, ಪೇಪರ್‌ಗೆ ಓಡಾಡುವವರು ಇನ್ನೊಂದು ಕಡೆ. 2025ರ ಜುಲೈನಲ್ಲಿ ಕೊಡಿಗೇಹಳ್ಳಿಯಲ್ಲಿ ನಾಯಿಗಳ ದಾಳಿಗೆ ವೃದ್ಧರೊಬ್ಬರು ಬಲಿಯಾದ ಸುದ್ದಿ ಬಂದ ಮೇಲಂತೂ ಮಾತು ಇನ್ನೂ ಬಿಸಿಯಾಯ್ತು. ಇದರ ನಡುವೆ ಹಳೆಯ ಬೇಡಿಕೆಯೊಂದು ಮತ್ತೆ ಕೇಳಿಸ್ತಿದೆ: ಪ್ರಾಣಿಗಳಿಗೂ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನ ಕೊಡಿ.

ಕಾನೂನಿನ ವ್ಯಕ್ತಿ ಅಂದರೆ ಮನುಷ್ಯನೇ ಆಗಬೇಕಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಒಂದು ‘ವ್ಯಕ್ತಿ’. ಮಾಲೀಕ ಸತ್ತರೂ ಅದು ಬದುಕಿರುತ್ತೆ, ಅದರ ಹೆಸರಲ್ಲೇ ಜಿಎಸ್‌ಟಿ ನಂಬರ್, ಸಾಲ, ಕೇಸು. ಗುಡಿಯ ದೇವರೂ ‘ವ್ಯಕ್ತಿ’. ಜಮೀನು ದೇವರ ಹೆಸರಲ್ಲಿ, ಕೋರ್ಟಿಗೆ ಅಲೆಯೋದು ಧರ್ಮದರ್ಶಿ. ಹಾಗಿದ್ದರೆ ಉಸಿರಾಡುವ ಹಸುವಿಗೆ ಯಾಕಿಲ್ಲ ಅನ್ನೋ ಪ್ರಶ್ನೆ ತಮಾಷೆಯದ್ದಲ್ಲ.

2018ರಲ್ಲಿ ಉತ್ತರಾಖಂಡ ಹೈಕೋರ್ಟ್, 2019ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ‘ಇಡೀ ಪ್ರಾಣಿ ಸಂಕುಲವೇ ವ್ಯಕ್ತಿ, ನಾಗರಿಕರೇ ಪೋಷಕರು’ ಎಂದವು. ಕರ್ನಾಟಕಕ್ಕೆ ನೇರವಾಗಿ ತಟ್ಟಿದ್ದು ಕಂಬಳದ ಕೇಸು. 2014ರಲ್ಲಿ ಜಲ್ಲಿಕಟ್ಟು, ಎತ್ತಿನ ಓಟಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿತ್ತು. ರಾಜ್ಯಗಳು ಕಾನೂನು ತಿದ್ದಿದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಗಳನ್ನು, ನಮ್ಮ ಕಂಬಳದ ತಿದ್ದುಪಡಿಯೂ ಸೇರಿ, ಎತ್ತಿಹಿಡಿಯಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕು ಕೊಟ್ಟ ಪೂರ್ವನಿದರ್ಶನ ಇಲ್ಲ ಎಂದೂ ಹೇಳಿತು.

ಅಂದರೆ ಸಾಕಿದ ಪ್ರಾಣಿ ಇವತ್ತಿಗೂ ಕಾನೂನಿನ ಕಣ್ಣಲ್ಲಿ ಒಂದು ಆಸ್ತಿ. 2025ರ ಜನವರಿಯಲ್ಲಿ ಚಾಮರಾಜಪೇಟೆಯಲ್ಲಿ ಹಸುಗಳ ಕೆಚ್ಚಲು ಕೊಯ್ದಾಗ ಇಡೀ ಊರೇ ಮರುಗಿತು. ಆದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಾಣಿಯನ್ನು ಕೊಲ್ಲುವುದು, ಅಂಗಹೀನ ಮಾಡುವುದನ್ನು ಆಸ್ತಿಗೆ ಹಾನಿ ಮಾಡುವ ಅಪರಾಧಗಳ ಸಾಲಿನಲ್ಲೇ ಇಟ್ಟಿದೆ. ಐದು ವರ್ಷದವರೆಗೆ ಜೈಲು ಉಂಟು, ಸರಿ. ಹೊಡೆದು ಹಿಂಸಿಸಿದರೆ? 1960ರ ಕ್ರೌರ್ಯ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ದರ್ಶಿನಿಯಲ್ಲಿ ಮಸಾಲೆ ದೋಸೆಗೂ ಸಾಲದು. ‘ವ್ಯಕ್ತಿ’ ಪಟ್ಟಕ್ಕಿಂತ ಮೊದಲು ಸರಿಯಾಗಬೇಕಾದ್ದು ಇದು.

ಬೀದಿನಾಯಿ ವಿಷಯಕ್ಕೆ ಬಂದರೆ ಪಟ್ಟ ಇನ್ನೂ ತೊಡಕು. ದೇವರಿಗೆ ಧರ್ಮದರ್ಶಿ ಇದ್ದಾರೆ, ಕಂಪನಿಗೆ ಡೈರೆಕ್ಟರ್ ಇದ್ದಾರೆ. ಬೀದಿನಾಯಿಗೆ? ‘ಎಲ್ಲ ನಾಗರಿಕರೂ ಪೋಷಕರು’ ಅಂದರೆ ಕಚ್ಚಿದಾಗ ಯಾರೂ ಅಲ್ಲ ಅಂತಲೇ ಅರ್ಥ. ದಿನಾ ಅನ್ನ ಹಾಕುವವರ ತಲೆಗೆ ಕಟ್ಟಿದರೆ ಅವರು ಹಾಕೋದನ್ನೇ ಬಿಡ್ತಾರೆ. ಹಸಿದ ನಾಯಿ ಇನ್ನೂ ಅಪಾಯ.

ಲೆಕ್ಕದಲ್ಲಿ ಕೆಲಸ ಮಾಡಿರೋದು ಪಟ್ಟ ಅಲ್ಲ, ಆಪರೇಷನ್. ಬಿಬಿಎಂಪಿ ಗಣತಿಯಲ್ಲಿ 2019ರಲ್ಲಿ ಸುಮಾರು 3.10 ಲಕ್ಷ ಇದ್ದ ಬೀದಿನಾಯಿ 2023ಕ್ಕೆ 2.79 ಲಕ್ಷಕ್ಕೆ ಇಳಿದಿತ್ತು. ಸಂತಾನಹರಣ, ರೇಬೀಸ್ ಲಸಿಕೆ ಬಿಡದೆ ನಡೆಯಬೇಕು. ನಿಂತ ವರ್ಷ ಮರಿಗಳು ಲೆಕ್ಕ ತಪ್ಪಿಸ್ತವೆ.

2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಪ್ರತಿ ವಾರ್ಡ್‌ನಲ್ಲೂ ನಾಯಿಗೆ ಊಟ ಹಾಕಲು ಗುರುತಿಸಿದ ಜಾಗ ಇರಬೇಕು, ಬೇರೆಡೆ ಬೀದಿಯಲ್ಲಿ ಹಾಕುವಂತಿಲ್ಲ. ಈಗ ಈ ಹೊಣೆ ಬೆಂಗಳೂರು ಉತ್ತರ ನಗರ ಪಾಲಿಕೆಯದು. ಆ ಜಾಗ ಶಾಲೆ ಗೇಟಿನ ಪಕ್ಕ ಬೇಡ, ಅಂಗಡಿ ಬಾಗಿಲಲ್ಲೂ ಬೇಡ ಅನ್ನೋದನ್ನು ಅಧಿಕಾರಿಗಳು ಗೆರೆ ಎಳೆಯುವ ಮುಂಚೆಯೇ ಕೋಗಿಲಿನ ವರ್ತಕರು, ನಿವಾಸಿಗಳು ಬರೆದುಕೊಡಬೇಕಾಗುತ್ತೆ.