ತೊರೆಯ ತಾಪ

ಬೇಸಿಗೆಯ ನಡುಹಗಲಿನಲ್ಲಿ ಬಂಡೆ ಕಾದು ಕಾವಲಿಯಂತಾಗಿರುವಾಗಲೂ ಅದರ ಮಗ್ಗುಲಲ್ಲಿ ಹರಿಯುವ ತೊರೆ ತಣ್ಣಗಿರುತ್ತದೆ. ಇದನ್ನು ಪ್ರಕೃತಿಯ ಔದಾರ್ಯವೆಂದು ಕವಿಗಳು ಬಣ್ಣಿಸಬಹುದು. ಆದರೆ ಅದರ ಹಿಂದಿರುವುದು ಜಮಾಖರ್ಚಿನ ಲೆಕ್ಕ. ಬಿಸಿಲು ಮತ್ತು ಗಾಳಿ ನೀರಿಗೆ ಶಾಖವನ್ನು ತಂದುಕೊಡುತ್ತವೆ. ನೀರು ಆವಿಯಾಗುವಾಗ ಅದರಲ್ಲೊಂದು ಪಾಲು ವೆಚ್ಚವಾಗುತ್ತದೆ. ಬೇಸಿಗೆಯಲ್ಲಿ ಮಣ್ಣಿನಡಿಯಿಂದ ಒಸರುವ ಅಂತರ್ಜಲವು ತೊರೆಗೆ ತನ್ನ ತಂಪನ್ನು ಸೇರಿಸುತ್ತದೆ.

ಭೂಮಿಯ ವಾತಾವರಣವು ಬಿಸಿಯಾಗುತ್ತಿರುವ ಈ ಕಾಲದಲ್ಲಿ ಆ ಲೆಕ್ಕವನ್ನು ಮುಂದಾಗಿಯೇ ಹೇಳುವುದು ಸಾಧ್ಯವೆ? ಗಾಳಿಯ ಉಷ್ಣತೆ 1 ಡಿಗ್ರಿ ಏರಿದರೆ ತೊರೆಯದೂ 1 ಡಿಗ್ರಿ ಏರುತ್ತದೆಂಬ ಊಹೆ ಸುಲಭವಾದುದು, ಆದರೆ ಸರಿಯಾದುದಲ್ಲ. ಮೊಹ್ಸೆನಿ, ಸ್ಟೀಫನ್ ಮತ್ತು ಎರಿಕ್ಸನ್ ಎಂಬ ವಿಜ್ಞಾನಿಗಳು ಅಮೆರಿಕದ 584 ಮಾಪನ ಕೇಂದ್ರಗಳ ಅಂಕಿಗಳನ್ನು ಪರಿಶೀಲಿಸಿ 1998ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಗಾಳಿಗೂ ನೀರಿಗೂ ಇರುವ ಸಂಬಂಧ ಸರಳರೇಖೆಯಲ್ಲ. ಅದು ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಬಾಗಿದೆ. ಸೆಕೆ ಹೆಚ್ಚಿದಾಗ ನೀರು ಹೆಚ್ಚು ಹೆಚ್ಚಾಗಿ ಆವಿಯಾಗಿ ತನ್ನನ್ನು ತಾನೇ ತಣಿಸಿಕೊಳ್ಳುತ್ತದೆ.

ಹಾಗೆಂದು ನಿಶ್ಚಿಂತೆಯಿಂದಿರುವುದು ತರವಲ್ಲ. ಆ ಬಾಗು ಬರುವುದಕ್ಕೆ ಮುನ್ನವೇ ತಣ್ಣೀರಿನ ಮೀನುಗಳ ಪ್ರಾಣಕ್ಕೆ ಸಂಚಕಾರ ಬಂದಿರುತ್ತದೆ. 2015ರಲ್ಲಿ ಅಮೆರಿಕದ ವಾಯವ್ಯ ಭಾಗದ ಬೆಟ್ಟಗಳಲ್ಲಿ ಹಿಮ ಕಡಿಮೆಯಾಯಿತು. ಜೂನ್ ತಿಂಗಳು ಬಹಳ ಬಿಸಿಯಾಯಿತು. ಅಣೆಕಟ್ಟುಗಳಲ್ಲಿ ನಿಂತು ನಿಂತು ಸಾಗುವ ಕೊಲಂಬಿಯಾ ನದಿಯ ನೀರು 20 ಡಿಗ್ರಿ ಸೆಲ್ಸಿಯಸನ್ನು ದಾಟಿತು. ಮೊಟ್ಟೆಯಿಡಲು ಕಡಲಿನಿಂದ ಮೇಲೇರುತ್ತಿದ್ದ ಸಾಕೈ ಸಾಲ್ಮನ್ ಮೀನುಗಳಲ್ಲಿ ಸುಮಾರು ಎರಡೂವರೆ ಲಕ್ಷ ದಾರಿಯಲ್ಲಿಯೇ ಸತ್ತವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆ. 0 ಡಿಗ್ರಿಯಲ್ಲಿ ಲೀಟರಿಗೆ 14.6 ಮಿಲಿಗ್ರಾಂ ಇರಬಲ್ಲುದು 20 ಡಿಗ್ರಿಯಲ್ಲಿ ಸುಮಾರು 9ಕ್ಕೆ ಇಳಿಯುತ್ತದೆ. ಮೀನಿಗೆ ಬೇಕಾದ ಆಮ್ಲಜನಕವಾದರೋ ಬಿಸಿಯೊಡನೆ ಏರುತ್ತದೆ. ಮೇಲಾಗಿ ರೋಗಗಳೂ ಬಲಿಯುತ್ತವೆ.

ಗಾಳಿಯ ಮೇಲೆಯೇ ಎಲ್ಲ ದೋಷವನ್ನು ಹೊರಿಸುವುದೂ ನ್ಯಾಯವಲ್ಲ. ಆರೆಗಾನ್ ರಾಜ್ಯದ ಎಚ್. ಜೆ. ಆಂಡ್ರೂಸ್ ಪ್ರಾಯೋಗಿಕ ಅರಣ್ಯದಲ್ಲಿ, 1960ರ ದಶಕದಲ್ಲಿ, ಒಂದು ಹಳ್ಳದ ಸುತ್ತಲಿನ ಮರಗಳನ್ನೆಲ್ಲ ಕಡಿದು ಉಳಿದುದನ್ನು ಸುಟ್ಟರು. ಬೇಸಿಗೆಯಲ್ಲಿ ಆ ನೀರಿನ ಗರಿಷ್ಠ ಉಷ್ಣತೆ 7 ಡಿಗ್ರಿಯಷ್ಟು ಏರಿತು. ಮರಗಳು ಮತ್ತೆ ಬೆಳೆದು ನೆರಳು ಕವಿದ ಮೇಲೆ, ಅಂದರೆ ಸುಮಾರು ಹದಿನೈದು ವರ್ಷಗಳಲ್ಲಿ, ಅದು ಮೊದಲಿನ ಮಟ್ಟಕ್ಕೆ ಮರಳಿತು. ಹವೆಯು ಹಲವು ದಶಕಗಳಲ್ಲಿಯೂ ಮಾಡದ ಕೆಲಸವನ್ನು ಕೊಡಲಿ ಕೆಲವೇ ವರ್ಷಗಳಲ್ಲಿ ಮಾಡಿತು! ನೆರಳನ್ನು ಲೆಕ್ಕಕ್ಕೆ ಹಿಡಿಯದ ಭವಿಷ್ಯವಾಣಿಯನ್ನು ನಂಬುವುದು ಹೇಗೆ?

ಆದುದರಿಂದ ಮೊದಲು ಬೇಕಾದುದು ತೊರೆಯ ನೀರಿನಲ್ಲಿಯೇ ಇಟ್ಟ ಉಷ್ಣಮಾಪಕ. ಅಮೆರಿಕದ ಅರಣ್ಯ ಸೇವೆಯು ಪಶ್ಚಿಮ ರಾಜ್ಯಗಳ 20,000ಕ್ಕೂ ಹೆಚ್ಚು ಸ್ಥಳಗಳ ದಾಖಲೆಗಳನ್ನು ಒಂದೆಡೆ ಕೂಡಿಸಿತು. ಎತ್ತರದ ಬೆಟ್ಟಗಳ ತೊರೆಗಳು ನಿರೀಕ್ಷೆಗಿಂತ ನಿಧಾನವಾಗಿ ಬಿಸಿಯಾಗುತ್ತಿವೆಯೆಂದು ಅದರಿಂದ ತಿಳಿದುಬಂದಿತು. ಮುಂದೆ ಮೀನುಗಳಿಗೆ ಆಶ್ರಯವಾಗಬಲ್ಲ ನೆಲೆಗಳು ಯಾವುವೆಂದು ಈಗ ನಕ್ಷೆಯಲ್ಲಿ ಗುರುತಿಸಬಹುದು. ಆದರೆ ಆ ಸೂತ್ರಗಳನ್ನು ಹಾಗೆಯೇ ತಂದು ಸಹ್ಯಾದ್ರಿಗೆ ಹೊಂದಿಸುವಂತಿಲ್ಲ. ಇಲ್ಲಿ ಹಿಮವಿಲ್ಲ, ಮುಂಗಾರಿನಲ್ಲಿ ಇಂಗಿದ ನೀರೇ ಬೇಸಿಗೆಯ ಹಳ್ಳಗಳಿಗೆ ಆಧಾರ. ಇಲ್ಲಿನ ಲೆಕ್ಕವನ್ನು ಇಲ್ಲಿನ ನೀರಿನಲ್ಲಿಯೇ, ವರ್ಷದಿಂದ ವರ್ಷಕ್ಕೆ, ಅಳೆದು ಬರೆದಿಡಬೇಕಾಗಿದೆ.